ಒಂದೇ ಡಬ್ಬಿಯ ಲಸಿಕೆ, ಎರಡು ತೋಳು

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಕಾರವಾರ

ಸರ್, ನಮಸ್ಕಾರ.

ಕುಮಟಾದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಇಪ್ಪತ್ತಾರು ವರ್ಷದಿಂದ ಅದೇ ಕೌಂಟರಿನ ಹಿಂದೆ ನಿಂತಿದ್ದೇನೆ. ಮೀನು ಮಾರ್ಕೆಟ್ಟಿಗೆ ಹೋಗುವ ದಾರಿಯಾದ್ದರಿಂದ ಊರಿನ ಮಾತೆಲ್ಲ ಮೊದಲು ನನ್ನ ಕಿವಿಗೇ ಬೀಳುತ್ತದೆ. ಹೋದ ವರ್ಷದಿಂದ ಒಂದು ಮಾತು ಜಾಸ್ತಿ ಕೇಳಿ ಬರುತ್ತಿದೆ: "ಫ್ಲೂ ಲಸಿಕೆ ನಮ್ಮವರ ರಕ್ತಕ್ಕೆ ಹಿಡಿಯೂದಿಲ್ಲ." ಈ ಮಾತನ್ನು ಹುಟ್ಟಿಸಿದವನು ನನ್ನ ಸ್ವಂತ ಅಣ್ಣ. ಹಾಗಾಗಿ ಈ ಪತ್ರ ಬರೆಯುವ ಜವಾಬ್ದಾರಿಯೂ ನನ್ನ ಮೇಲೇ ಬಂತು.

ಆಗಿದ್ದು ಹೀಗೆ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ನಮ್ಮ ಕಡೆ ಒಂದು ಲಸಿಕೆ ಶಿಬಿರ ಇತ್ತು. ಯಾರು ಮಾಡಿದ್ದು ಅನ್ನುವುದು ಇಲ್ಲಿ ಬೇಡ, ಒಳ್ಳೆ ಮನಸ್ಸಿನಿಂದಲೇ ಮಾಡಿದ್ದರು. ಲಸಿಕೆ ನನ್ನ ಅಂಗಡಿಯ ಫ್ರಿಜ್ಜಿನಿಂದಲೇ ಹೋಯಿತು. ಐಸ್ ಪ್ಯಾಕ್ ಇಟ್ಟ ಡಬ್ಬಿಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ನಾನೇ ಒಯ್ದೆ. ಮೈಕಿನಲ್ಲಿ ಒಬ್ಬರು ಹೇಳುತ್ತಲೇ ಇದ್ದರು: "ಒಂದು ಸೂಜಿ, ವರ್ಷವಿಡೀ ಜ್ವರ ಇಲ್ಲ, ಹಂಡ್ರೆಡ್ ಪರ್ಸೆಂಟ್ ಗ್ಯಾರಂಟಿ." ನನಗೆ ಅಲ್ಲೇ ಕಸಿವಿಸಿ ಆಯಿತು. ಎದ್ದು ಹೇಳಬೇಕಿತ್ತು, ಹೇಳಲಿಲ್ಲ.

ಅಣ್ಣ ಮತ್ತು ನಾನು ಪಕ್ಕಪಕ್ಕದ ಕುರ್ಚಿಯಲ್ಲಿ ಕೂತೆವು. ಒಂದೇ ಡಬ್ಬಿ, ಒಂದೇ ಬ್ಯಾಚ್ ನಂಬರು, ಅರ್ಧ ಮಿಲೀ ತುಂಬಿ ಬಂದ ಅದೇ ಸಣ್ಣ ಸಿರಿಂಜು, ಸೂಜಿ ಹಾಕಿದ ಸಿಸ್ಟರೂ ಒಬ್ಬರೇ. ಅಣ್ಣನಿಗೆ 68, ಸಕ್ಕರೆ ಕಾಯಿಲೆ ಇದೆ. ನನಗೆ 57.

ಜುಲೈಯಲ್ಲಿ ಅಣ್ಣ ಮಲಗಿದ. ಮೈಕೈ ನೋವು, ನೂರಮೂರು ಜ್ವರ, ಒಣ ಕೆಮ್ಮು. ಅತ್ತಿಗೆ ಮೂರು ದಿನ ಕಷಾಯದಲ್ಲೇ ಕಳೆದರು. ನಾಲ್ಕನೇ ದಿನ ಸ್ವಾಬ್ ಮಾಡಿಸಿದೆವು, ಇನ್‌ಫ್ಲುಯೆಂಜಾ ಎ, ಅಂದರೆ ಫ್ಲೂವೇ, ಅಂತ ಬಂತು. ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗಲಿಲ್ಲ. ಅದು ಲಸಿಕೆಯ ದಯೆಯೋ ಅವನ ಅದೃಷ್ಟವೋ, ಒಬ್ಬನನ್ನು ನೋಡಿ ಹೇಳಲು ಆಗುವುದಿಲ್ಲ. ನನಗೆ ಮಾತ್ರ ಆ ಮಳೆಗಾಲವಿಡೀ ಒಂದು ಸೀನೂ ಬರಲಿಲ್ಲ.

"ಎಂತದಾ ತಮ್ಮಾ, ನಿನ್ನ ಫ್ರಿಜ್ಜಿನಲ್ಲಿದ್ದದ್ದು ಬರೀ ನೀರಾ?" ಅಂತ ಶುರುವಾದದ್ದು, ಗಣೇಶ ಚೌತಿಯ ಹೊತ್ತಿಗೆ "ನಮ್ಮ ಮನೆತನದ ರಕ್ತಕ್ಕೇ ಇದು ಹಿಡಿಯೂದಿಲ್ಲ" ಅಂತ ಆಯಿತು. ಆಮೇಲೆ ಮನೆತನ ಹೋಗಿ ಕೇರಿ ಆಯಿತು, ಕೇರಿ ಹೋಗಿ ಜಾತಿ ಆಯಿತು. ಮರುವರ್ಷದ ಶಿಬಿರದಲ್ಲಿ ಹಾಕಿದ ಕುರ್ಚಿಗಳಲ್ಲಿ ಅರ್ಧಕ್ಕರ್ಧ ಖಾಲಿ.

ಅಣ್ಣನ ಮಾತಿನಲ್ಲಿ ಒಂದು ಕಾಳು ನಿಜ ಇದೆ ಸರ್. ಅದಕ್ಕೇ ಅದನ್ನು ಸುಮ್ನೆ ನಕ್ಕು ತಳ್ಳಿಹಾಕಲು ಆಗುತ್ತಿಲ್ಲ. ಲಸಿಕೆ ಎಲ್ಲರ ಮೈಗೂ ಒಂದೇ ತರ ಹಿಡಿಯುವುದಿಲ್ಲ. ಅದರಲ್ಲಿ ಹುಟ್ಟಿನಿಂದ ಬಂದ ಜೀನಿನ, ಅಂದರೆ ವಂಶವಾಹಿಯ, ಪಾಲೂ ಇದೆ. ಆದರೆ ಆ ಪಾಲು ಎಷ್ಟು, ಹೇಗೆ ಅನ್ನುವುದರಲ್ಲಿ ಅಣ್ಣ ಪೂರ್ತಿ ಹಾದಿ ತಪ್ಪಿದ್ದಾನೆ. ಅವನನ್ನು ಹಾದಿ ತಪ್ಪಿಸಿದ್ದು ಆ ಮೈಕು.

ಗಿರಾಕಿಗಳಿಗೆ ನಾನು ಮೀನು ಮಾರ್ಕೆಟ್ಟಿನ ಲೆಕ್ಕದಲ್ಲೇ ಹೇಳುತ್ತೇನೆ. ತೋಳಿಗೆ ಹಾಕಿದ ಸೂಜಿಯಲ್ಲಿ ಇರುವುದು ಸತ್ತ ವೈರಸ್ಸಿನ ಚೂರುಗಳು. ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ಮೈಯ ಕಾವಲು ಕೋಶಗಳು ಆ ಚೂರುಗಳನ್ನು ನುಂಗಿ ಕಂಕುಳ ಹತ್ತಿರದ ಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಇನ್ನೂ ಸಣ್ಣಗೆ ಹೆಚ್ಚಿ, ಬುಟ್ಟಿಯ ಮೇಲೆ ಹರವಿ ತೋರಿಸುತ್ತವೆ. ಟಿ ಕೋಶ ಅಂತ ಇನ್ನೊಂದು ಜಾತಿಯ ಕೋಶಗಳು ಗಿರಾಕಿಗಳ ಹಾಗೆ ಬಂದು ನೋಡುತ್ತವೆ. ಮಾಲು ಕಣ್ಣಿಗೆ ಬಿದ್ದರೆ ಮಾತ್ರ ಮುಂದಿನ ಕೆಲಸ ಶುರು. ಬಿ ಕೋಶಗಳಿಗೆ ಸುದ್ದಿ ಹೋಗಿ, ಸುಮಾರು ಎರಡು ವಾರದಲ್ಲಿ ವೈರಸ್ಸನ್ನು ತಡೆಯುವ ಪ್ರತಿಕಾಯ, ಅಂದರೆ ಆಂಟಿಬಾಡಿ, ಸಾಕಷ್ಟು ತಯಾರಾಗುತ್ತದೆ.

ಆ ಬುಟ್ಟಿಯ ಹೆಸರು ಎಚ್‌ಎಲ್‌ಎ. ಕಿಡ್ನಿ ಹಾಕಿಸುವಾಗ "ಮ್ಯಾಚ್ ಆಗ್ತದಾ" ಅಂತ ನೋಡುತ್ತಾರಲ್ಲ, ಅದೇ ಇದು. ಬುಟ್ಟಿಯ ಅಚ್ಚು ಆರನೇ ಕ್ರೋಮೋಸೋಮಿನಲ್ಲಿದೆ; ಕ್ರೋಮೋಸೋಮು ಅಂದರೆ ಜೀನುಗಳನ್ನು ಹೊತ್ತ ಎಳೆ. ಮನುಷ್ಯನ ಜೀನುಗಳಲ್ಲೇ ಅತಿ ಹೆಚ್ಚು ಬಗೆ ಇರುವ ಜಾಗಗಳಲ್ಲಿ ಅದೂ ಒಂದು. ಒಬ್ಬರ ಬುಟ್ಟಿಯಲ್ಲಿ ಬಂಗಡೆ ಸರಿಯಾಗಿ ಕೂರುತ್ತದೆ, ಇನ್ನೊಬ್ಬರದ್ದರಲ್ಲಿ ಜಾರಿ ಬೀಳುತ್ತದೆ, ತಾರ್ಲೆ ಮಾತ್ರ ನಿಲ್ಲುತ್ತದೆ. ವೈರಸ್ಸಿನ ಯಾವ ಚೂರು ಯಾರ ಬುಟ್ಟಿಯಲ್ಲಿ ನಿಂತು ಎಷ್ಟು ಚೆನ್ನಾಗಿ ಕಾಣುತ್ತದೆ ಅನ್ನುವುದರ ಮೇಲೆ ಆಂಟಿಬಾಡಿಯ ಲೆಕ್ಕವೂ ಏರುಪೇರಾಗುತ್ತದೆ.

ಈಗ ಅಣ್ಣನ "ಮನೆತನದ ರಕ್ತ"ಕ್ಕೆ ಬರೋಣ. ಈ ಬುಟ್ಟಿಗಳ ಒಂದು ಕಟ್ಟು ಅಪ್ಪನಿಂದ ಬರುತ್ತದೆ, ಒಂದು ಅಮ್ಮನಿಂದ. ಅಪ್ಪನ ಹತ್ತಿರವೂ ಎರಡು ಕಟ್ಟು, ಅಮ್ಮನ ಹತ್ತಿರವೂ ಎರಡು. ಯಾವ ಮಗುವಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ. ಒಡಹುಟ್ಟಿದ ಇಬ್ಬರಿಗೆ ಎರಡೂ ಕಟ್ಟು ಒಂದೇ ಆಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎರಡೂ ಬೇರೆಯೇ ಆಗಿರುವ ಸಾಧ್ಯತೆಯೂ ನಾಲ್ಕರಲ್ಲಿ ಒಂದು. ಒಂದೇ ತಾಯಿ ಹಾಲು ಕುಡಿದ ಅಣ್ಣ ತಮ್ಮಂದಿರದ್ದೇ ಹೀಗಾದರೆ ಇಡೀ ಕೇರಿಗೆ ಒಂದೇ ರಕ್ತ ಅನ್ನುವುದು ಎಲ್ಲಿಂದ ಬಂತು? ಇದನ್ನು ಅಣ್ಣನಿಗೆ ಹೇಳಿದೆ. "ಹಾಗಾರೆ ನೀನು ನನ್ನ ತಮ್ಮನೇ ಅಲ್ವಾ?" ಅಂತ ಕೇಳಿದ. ಅಲ್ಲಿಗೆ ಆ ದಿನದ ಪಾಠ ಮುಗಿಯಿತು.

ಬುಟ್ಟಿಯೊಂದೇ ಅಲ್ಲ. ಅಮೆರಿಕದ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನವರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲು 119 ಗಂಡಸರು, ಆಮೇಲೆ ಖಾತ್ರಿ ಮಾಡಿಕೊಳ್ಳಲು 128 ಹೆಂಗಸರು, ಎಲ್ಲ ಆರೋಗ್ಯವಂತರೇ. ಫ್ಲೂ ಲಸಿಕೆ ಕೊಡುವ ಮೊದಲು ರಕ್ತ ತೆಗೆದರು, ಕೊಟ್ಟ ಮೇಲೂ ಕೆಲವು ದಿನಗಳ ಅಂತರದಲ್ಲಿ ತೆಗೆದರು. ಯಾರ ಜೀನು ಹೇಗಿದೆ, ಸೂಜಿ ಬಿದ್ದ ಮೇಲೆ ಯಾವ ಜೀನು ಎಷ್ಟು ಕೆಲಸ ಮಾಡಿತು, ಕೊನೆಗೆ ಆಂಟಿಬಾಡಿ ಎಷ್ಟು ಬಂತು, ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರು. 20 ಜೀನುಗಳು ಎದ್ದು ಕಂಡವು. ನನಗೆ ಹಿಡಿಸಿದ್ದು ಏನೆಂದರೆ, ಮುಖ್ಯವಾಗಿ ಕಂಡದ್ದು ಕೋಶದ ಒಳಗೆ ಸಾಮಾನು ಸಾಗಿಸುವ, ಚೂರು ಮಾಡಿ ತೋರಿಕೆಗೆ ಇಡುವ ಜೀನುಗಳು. ನಮ್ಮ ಲೆಕ್ಕದಲ್ಲಿ ದೋಣಿಯಿಂದ ಬುಟ್ಟಿಯವರೆಗಿನ ಕೆಲಸ. ಬುಟ್ಟಿ ಎಷ್ಟೇ ಚೆನ್ನಾಗಿರಲಿ, ದಕ್ಕೆಯಿಂದ ಮಾಲು ತರುವವ ನಿಧಾನಿ ಆದರೆ ವ್ಯಾಪಾರ ಏನಾಗುತ್ತದೆ ಅಂತ ನಮ್ಮ ಮೀನು ಮಾರುವ ಅಕ್ಕಂದಿರನ್ನು ಕೇಳಿ.

ಆಂಟಿಬಾಡಿ ಅಳೆಯುವ ಹಳೆ ಪರೀಕ್ಷೆ ಸಹ ನೋಡಲು ಚಂದ. ರಕ್ತದ ತಿಳಿಯನ್ನು ಹತ್ತು ಪಾಲು, ಇಪ್ಪತ್ತು ಪಾಲು, ನಲವತ್ತು ಪಾಲು, ಎಂಬತ್ತು ಪಾಲು ಅಂತ ತೆಳ್ಳಗೆ ಮಾಡುತ್ತಾ ಸಣ್ಣ ಸಣ್ಣ ಗುಳಿಗಳಲ್ಲಿ ಹಾಕುತ್ತಾರೆ. ಅದಕ್ಕೆ ವೈರಸ್ಸು ಸೇರಿಸಿ, ಮೇಲೆ ಕೋಳಿಯದೋ ಬೇರೆ ಪ್ರಾಣಿಯದೋ ಕೆಂಪು ರಕ್ತಕಣ ಬಿಡುತ್ತಾರೆ. ಆಂಟಿಬಾಡಿ ಸಾಕಷ್ಟಿದ್ದರೆ ಕಣಗಳು ಗುಳಿಯ ತಳದಲ್ಲಿ ಕುಂಕುಮದ ಬೊಟ್ಟಿನ ಹಾಗೆ ಕೂರುತ್ತವೆ. ಸಾಲದಿದ್ದರೆ ವೈರಸ್ಸು ಕಣಗಳನ್ನು ಒಂದಕ್ಕೊಂದು ಅಂಟಿಸಿ ಬೊಟ್ಟು ಕಲಸಿ ಹೋಗುತ್ತದೆ. ನಲವತ್ತು ಪಾಲಿಗೆ ತೆಳ್ಳಗಾದರೂ ಬೊಟ್ಟು ನಿಂತರೆ ಸುಮಾರು ಅರ್ಧದಷ್ಟು ರಕ್ಷಣೆ ಅಂತ ಲೆಕ್ಕ. ನೋಡಿ, "ಒಳ್ಳೆ ಫಲಿತಾಂಶ" ಅಂತ ಲ್ಯಾಬಿನವರು ಕರೆಯುವುದೂ ಅರ್ಧ ರಕ್ಷಣೆಯನ್ನೇ. ಹಂಡ್ರೆಡ್ ಪರ್ಸೆಂಟ್ ಎಲ್ಲಿಂದ ಬರಬೇಕು?

ಇನ್ನು ಅಣ್ಣನ ವಾದಕ್ಕೆ ದೊಡ್ಡ ಪೆಟ್ಟು ಕೊಟ್ಟ ಸಂಗತಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 210 ಜನ ಅವಳಿಗಳ ರಕ್ತ ಪರೀಕ್ಷೆ ಮಾಡಿ 2015ರಲ್ಲಿ ವರದಿ ಮಾಡಿದರು. ಎಂಟು ವರ್ಷದ ಮಕ್ಕಳಿಂದ ಹಿಡಿದು 82ರ ಮುದುಕರವರೆಗೆ ಇದ್ದರು. ತದ್ರೂಪಿ ಅವಳಿಗಳ ಜೀನು ಒಂದೇ. ಜೀನೇ ಎಲ್ಲ ತೀರ್ಮಾನ ಮಾಡುವುದಾದರೆ ಅವರಿಬ್ಬರ ಆಂಟಿಬಾಡಿ ಒಂದೇ ಮಟ್ಟದಲ್ಲಿ ಏರಬೇಕು. ಹಾಗಾಗಲಿಲ್ಲ. ಫ್ಲೂ ಲಸಿಕೆಗೆ ಬಂದ ಪ್ರತಿಕ್ರಿಯೆಯಲ್ಲಿ ಹುಟ್ಟಿನ ಪಾಲು ಗುರುತಿಸುವಷ್ಟೂ ಸಿಗಲಿಲ್ಲ. ವಯಸ್ಸಾದ ಹಾಗೆ ಅವಳಿಗಳ ನಡುವಿನ ವ್ಯತ್ಯಾಸವೂ ಜಾಸ್ತಿಯಾಗಿತ್ತು. ಸಿಎಂವಿ ಅನ್ನುವ ಒಂದು ಸಾಮಾನ್ಯ ವೈರಸ್ಸಿದೆ, ಎಷ್ಟೋ ಜನರ ಮೈಯಲ್ಲಿ ಸದ್ದಿಲ್ಲದೆ ಇರುತ್ತದೆ. ಅವಳಿಗಳಲ್ಲಿ ಒಬ್ಬರಿಗೆ ಅದು ತಗುಲಿ ಇನ್ನೊಬ್ಬರಿಗೆ ತಗುಲದಿದ್ದರೆ, ಅಷ್ಟರಿಂದಲೇ ರೋಗನಿರೋಧಕ ವ್ಯವಸ್ಥೆಯ ಎಷ್ಟೋ ಅಳತೆಗಳು ಬೇರೆಯಾಗಿದ್ದವು.

ಒಂದು ಅಧ್ಯಯನ ಜೀನು ಅನ್ನುತ್ತದೆ, ಇನ್ನೊಂದು ಅಲ್ಲ ಅನ್ನುತ್ತದೆ, ಯಾವುದನ್ನು ನಂಬಬೇಕು ಅಂತ ಗಿರಾಕಿಯೊಬ್ಬರು ಕೇಳಿದರು. ನಾನು ಹೇಳಿದ್ದು ಇಷ್ಟು: ಎರಡೂ ಬೇರೆ ಬೇರೆ ಪ್ರಶ್ನೆ. ಮೊದಲನೆಯದು ಯಾವ ಜೀನು ಎಲ್ಲಿ ಕೈ ಹಾಕುತ್ತದೆ ಅಂತ ಹುಡುಕಿತು. ಎರಡನೆಯದು ಒಟ್ಟು ಲೆಕ್ಕದಲ್ಲಿ ಜೀನಿನ ಪಾಲು ಎಷ್ಟು ಅಂತ ತೂಗಿತು. ಬೀಜದಲ್ಲಿ ವ್ಯತ್ಯಾಸ ಇದೆ ನಿಜ, ಆದರೆ ಐವತ್ತು ಮಳೆಗಾಲ ಕಂಡ ಗದ್ದೆಯಲ್ಲಿ ಬೆಳೆಯನ್ನು ಮಣ್ಣು ನೀರು ಗೊಬ್ಬರವೇ ಹೆಚ್ಚಾಗಿ ತೀರ್ಮಾನಿಸುತ್ತದೆ. ಅಣ್ಣನ ವಯಸ್ಸು, ಅವನ ಸಕ್ಕರೆ, ಚಿಕ್ಕಂದಿನಲ್ಲಿ ಮೊದಲು ತಗುಲಿದ ಫ್ಲೂ ಯಾವ ಬಗೆಯದ್ದು, ಆ ವರ್ಷದ ಲಸಿಕೆಗೂ ಊರಿಗೆ ಬಂದ ವೈರಸ್ಸಿಗೂ ಎಷ್ಟು ಹೊಂದಿಕೆ, ಇವೆಲ್ಲ ಸೇರಿ ಆದದ್ದು ಅದು. ಹೊಂದಿಕೆ ಚೆನ್ನಾಗಿದ್ದ ವರ್ಷಗಳಲ್ಲೂ ಡಾಕ್ಟರ ಹತ್ತಿರ ಹೋಗುವಂಥ ಫ್ಲೂ ಶೇಕಡಾ 40ರಿಂದ 60ರಷ್ಟು ಕಡಿಮೆಯಾಗುತ್ತದೆ ಅಂತಲೇ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುವುದು. ಅದೂ ಸಣ್ಣ ಮಾತಲ್ಲ. ಡಬ್ಲ್ಯುಎಚ್‌ಒ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷ 90 ಸಾವಿರದಿಂದ 6 ಲಕ್ಷ 50 ಸಾವಿರ ಜನ ಫ್ಲೂ ತಂದ ಉಸಿರಾಟದ ತೊಂದರೆಯಿಂದ ಸಾಯುತ್ತಾರೆ.

ಹೆಪಟೈಟಿಸ್ ಬಿ ಲಸಿಕೆಯ ವಿಷಯದಲ್ಲಿ ಇದೇ ಮಾತನ್ನು ನಾವು ಮುಚ್ಚಿಟ್ಟಿಲ್ಲ, ಗಮನಿಸಿ. ಮೂರು ಡೋಸ್ ತಗೊಂಡ ದೊಡ್ಡವರಲ್ಲೂ ನೂರಕ್ಕೆ ಐದರಿಂದ ಹತ್ತು ಜನರಿಗೆ ಸಾಕಷ್ಟು ಆಂಟಿಬಾಡಿ ಬರುವುದಿಲ್ಲ. ಅಲ್ಲೂ ಕೆಲವು ಎಚ್‌ಎಲ್‌ಎ ಬಗೆಗಳ ಕೈವಾಡ ಇದೆ. ಅದಕ್ಕೇ ಆಸ್ಪತ್ರೆ ಸಿಬ್ಬಂದಿಗೆ ಟೈಟರ್, ಅಂದರೆ ರಕ್ತದಲ್ಲಿ ಆಂಟಿಬಾಡಿಯ ಮಟ್ಟ, ನೋಡಿಸಿ ಅನ್ನುತ್ತಾರೆ. ಬರದಿದ್ದರೆ ಇನ್ನೊಂದು ಸುತ್ತು ಕೊಡುತ್ತಾರೆ. ಯಾರೂ "ನಮ್ಮ ಜಾತಿಗೆ ಹಿಡಿಯುವುದಿಲ್ಲ" ಅಂತ ಎದ್ದು ಹೋಗುವುದಿಲ್ಲ. ಮೊದಲೇ ಹೇಳಿರುತ್ತಾರಲ್ಲ, ಹಾಗಾಗಿ.

ಸರ್, ಈ ಮಾತನ್ನು ನಮ್ಮ ಜಿಲ್ಲೆಯಲ್ಲಿ ಇನ್ನೂ ಜಾಗ್ರತೆಯಿಂದ ಹೇಳಬೇಕು. ಯಾಕೆಂದರೆ ಇಲ್ಲಿರುವಷ್ಟು ಬಗೆಯ ಜನ ಬೇರೆ ಕಡೆ ಸಿಗುವುದು ಕಷ್ಟ. ಯಲ್ಲಾಪುರ, ಹಳಿಯಾಳದ ಸಿದ್ದಿಯರಿದ್ದಾರೆ, ಅವರ ಹಿರಿಯರ ಬೇರು ಆಫ್ರಿಕಾದ್ದು ಅಂತ ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿಯವರು 2011ರಲ್ಲಿ ಜೀನು ನೋಡಿಯೇ ತೋರಿಸಿದರು. ಮುಂಡಗೋಡದಲ್ಲಿ ಟಿಬೆಟಿನವರು, ಭಟ್ಕಳದಲ್ಲಿ ನವಾಯತರು, ಅಂಕೋಲೆಯ ಹಾಲಕ್ಕಿಗಳು, ಜೋಯಿಡಾದ ಕುಣಬಿಗಳು, ಕರಾವಳಿಯುದ್ದಕ್ಕೂ ಖಾರ್ವಿ, ಹರಿಕಂತ್ರರು, ನಾಮಧಾರಿಗಳು, ಘಟ್ಟದ ಮೇಲೆ ಹವ್ಯಕರು. ಎಷ್ಟೋ ತಲೆಮಾರಿನಿಂದ ಒಳಗೊಳಗೇ ಮದುವೆ. ಹಾಗೆ ಒಳಗೊಳಗೇ ಬೆಳೆದ ಗುಂಪುಗಳಲ್ಲಿ ಕೆಲವು ಜೀನು ಜಾಸ್ತಿ ಕಾಣಿಸಿಕೊಳ್ಳುವುದು ನಿಜ. ಆಂಧ್ರ ಕಡೆಯ ವೈಶ್ಯ ಸಮುದಾಯದಲ್ಲಿ ಅರಿವಳಿಕೆ ಕೊಡುವಾಗ ಬಳಸುವ ಒಂದು ಔಷಧ ಬೇಗ ಇಳಿಯದ ಗುಣ ಜಾಸ್ತಿ, ಅಲ್ಲಿನ ಡಾಕ್ಟರುಗಳಿಗೆ ಅದು ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದ ಮೊದಲೇ ಕೇಳುತ್ತಾರೆ, ಬೇರೆ ಔಷಧ ಕೊಡುತ್ತಾರೆ. ಅದು ಒಂದೇ ಜೀನಿನ ಕತೆ. ಲಸಿಕೆಯದ್ದು ಹತ್ತಾರು ಜೀನಿನ, ಜೊತೆಗೆ ವಯಸ್ಸಿನ, ಬದುಕಿನ ಕತೆ. ಒಂದೇ ಸಮುದಾಯದ ಇಬ್ಬರ ನಡುವಿನ ವ್ಯತ್ಯಾಸವೇ ಸಮುದಾಯ ಸಮುದಾಯಗಳ ನಡುವಿನದ್ದಕ್ಕಿಂತ ಜಾಸ್ತಿ. ಲಸಿಕೆ ಚೀಟಿಯ ಮೇಲೆ ಜಾತಿ ಬರೆಯುವ ದಿನ ಬರಬಾರದು.

ಹಾಗಂತ ನಮ್ಮ ಜನರ ಮೇಲೆ ಅಧ್ಯಯನವೇ ಬೇಡ ಅಂತಲ್ಲ, ಬೇಕು. ಹ್ಯೂಸ್ಟನ್ನಿನ ಆ ಅಧ್ಯಯನದಲ್ಲಿ ಇದ್ದವರು ಯುರೋಪ್ ಮೂಲದವರು. ಜೀನೋಮ್ ಇಂಡಿಯಾ ಯೋಜನೆಯಲ್ಲಿ ನಮ್ಮ ದೇಶದ 10 ಸಾವಿರ ಜನರ ಜೀನೋಮ್, ಅಂದರೆ ಪೂರ್ತಿ ಜೀನಿನ ಬರಹ, ಓದಿ 2025ರ ಜನವರಿಯಲ್ಲಿ ಮಾಹಿತಿ ಹೊರಗೆ ಬಿಟ್ಟರು. ಅದು ಒಳ್ಳೆ ಶುರು. ಸೂಜಿ ಬಿದ್ದ ಮೇಲೆ ಆ ಜೀನುಗಳು ಏನು ಮಾಡುತ್ತವೆ ಅನ್ನುವುದು ಬೇರೆ ಕೆಲಸ. ನಾಳೆ ಯಾರಾದರೂ ಆ ಕೆಲಸಕ್ಕೆ ನಮ್ಮ ಜಿಲ್ಲೆಗೆ ಬಂದರೆ, ರಕ್ತ ಯಾಕೆ, ಎಲ್ಲಿಗೆ ಹೋಗುತ್ತದೆ, ಫಲಿತಾಂಶ ಯಾರಿಗೆ ಸಿಗುತ್ತದೆ ಅಂತ ಕೊಡುವವರ ಭಾಷೆಯಲ್ಲಿ ಕೂತು ಹೇಳುವ ವ್ಯವಸ್ಥೆ ನಿಮ್ಮ ಕಚೇರಿಯಿಂದ ಆಗಲಿ. ಕೊಂಕಣಿಯವರಿಗೆ ಕೊಂಕಣಿಯಲ್ಲೇ.

ಮಂಗನ ಕಾಯಿಲೆಯ ನೆನಪು ಮಾಡದೆ ಈ ಜಿಲ್ಲೆಯಲ್ಲಿ ಲಸಿಕೆಯ ಮಾತು ಆಡಲು ಆಗುವುದಿಲ್ಲ. ಸಿದ್ದಾಪುರದ ನೆಂಟರು ಮಾತೆತ್ತಿದರೆ ಅದನ್ನೇ ಹೇಳುತ್ತಾರೆ: ಒಂದಲ್ಲ, ಎರಡಲ್ಲ, ವರ್ಷ ವರ್ಷ ಚುಚ್ಚಿಸಿಕೊಂಡೆವು, ಚುಚ್ಚಿದ ಜಾಗ ಉರಿದು ಹೋಗುತ್ತಿತ್ತು, ಆದರೂ ಕಾಯಿಲೆ ಬಂತು. ಆ ಲಸಿಕೆಯ ಬಲ ಸಾಲದು ಅಂತ 2022ರಲ್ಲಿ ಸರ್ಕಾರವೇ ನಿಲ್ಲಿಸಿತು. ಅಲ್ಲಿ ಸೋತದ್ದು ಲಸಿಕೆ, ಜನರ ರಕ್ತ ಅಲ್ಲ. ಆದರೆ ಹಾಗಂತ ಮನೆಮನೆಗೆ ಹೋಗಿ ಬಿಡಿಸಿ ಹೇಳಿದವರು ಕಡಿಮೆ. ಹೇಳದೆ ಬಿಟ್ಟ ಜಾಗದಲ್ಲಿ ಅಣ್ಣನಂಥವರ ಸಿದ್ಧಾಂತ ಬೆಳೆಯುತ್ತದೆ. ತಪ್ಪು ಅವನೊಬ್ಬನದ್ದೇ ಅನ್ನಲು ನನಗೆ ಮನಸ್ಸಿಲ್ಲ.

ಇನ್ನೆರಡು ವಿಷಯ ಬೇಗ ಹೇಳಿ ಬಿಡುತ್ತೇನೆ. ಒಂದು, ಹೊತ್ತು. ನಮ್ಮಲ್ಲಿ ಫ್ಲೂ ಏರುವುದು ಮಳೆಗಾಲದಲ್ಲಿ. ದಕ್ಷಿಣ ಗೋಳಾರ್ಧಕ್ಕೆ ಅಂತ ಬರುವ ಸ್ಟಾಕು, ಡಬ್ಬಿಯ ಮೇಲೆ ಎಸ್‌ಎಚ್ ಅಂತ ಇರುತ್ತದಲ್ಲ, ಅದು ಏಪ್ರಿಲ್ ಮೇ ಹೊತ್ತಿಗೆ ಕೈಗೆ ಸಿಕ್ಕರೆ ನಮಗೆ ಸರಿ. ಜೂನ್ 1ರಿಂದ ಎರಡು ತಿಂಗಳು ಮೀನುಗಾರಿಕೆ ನಿಷೇಧ, ಬೋಟಿನವರು ಮನೆಯಲ್ಲೇ ಇರುತ್ತಾರೆ, ಎಲ್ಲರೂ ಒಂದೇ ಸೂರಿನಡಿ ಕೆಮ್ಮುತ್ತಾರೆ. ಅದಕ್ಕೆ ಮೊದಲೇ ಆಶಾ ಕಾರ್ಯಕರ್ತೆಯರಿಗೆ, ಬಸುರಿಯರಿಗೆ, ಅರವತ್ತು ದಾಟಿದವರಿಗೆ, ಸಕ್ಕರೆ ದಮ್ಮು ಇರುವವರಿಗೆ ಸಿಗುವ ಹಾಗೆ ಆಗಲಿ. ಹಣ ಕೊಟ್ಟು ತಗೊಳ್ಳುವುದಾದರೆ ಒಂದು ಸೂಜಿಗೆ ಒಂದು ದೊಡ್ಡ ಸುರ್ಮಯಿ ಮೀನಿನ ಬೆಲೆ, ಎಲ್ಲರಿಗೂ ಆಗುವುದಿಲ್ಲ. ಮೈ ಕೈಕೊಟ್ಟ ಮೇಲೆ ಮಣಿಪಾಲಕ್ಕೋ ಗೋವೆಗೋ ಓಡುವ ಜಿಲ್ಲೆ ನಮ್ಮದು. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಆ ಓಡುವ ದಾರಿಯೂ ಇರಲಿಲ್ಲ ಅಲ್ವಾ.

ಇನ್ನೊಂದು, ಕರೆಂಟು. ಈ ಲಸಿಕೆ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಹೆಪ್ಪುಗಟ್ಟಿದರೂ ಹಾಳು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಬರುವ ಹೊತ್ತು ದೇವರಿಗೇ ಗೊತ್ತು. ನಾನು ದಿನಕ್ಕೆ ಎರಡು ಸಲ ಥರ್ಮಾಮೀಟರು ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ಅಣ್ಣ "ನೀರಾ?" ಅಂತ ಕೇಳಿದ ದಿನ ಮೊದಲು ತೆರೆದು ನೋಡಿದ್ದೂ ಅದೇ ಪುಸ್ತಕ. ಆ ಮೇ ತಿಂಗಳ ಒಂದು ಸಾಲೂ ಎಂಟು ದಾಟಿರಲಿಲ್ಲ. ಎಷ್ಟೋ ಸಲ "ಜೀನು" ಅಂತ ನಾವು ದೂರುವುದು ಯಾವುದೋ ಫ್ರಿಜ್ಜಿನ ತಪ್ಪಿರಬಹುದು. ಅದನ್ನು ಪರೀಕ್ಷಿಸುವ ವ್ಯವಸ್ಥೆ ಮಾಡಿಸಿ. ನನ್ನ ಅಂಗಡಿಯಿಂದಲೇ ಶುರು ಮಾಡಿ.

ಮುಖ್ಯವಾಗಿ ನಾನು ಕೇಳುವುದು ಒಂದೇ. ಮುಂದಿನ ಶಿಬಿರದ ಮೈಕು ಯಾರ ಕೈಗೆ ಕೊಟ್ಟರೂ ಅವರಿಗೆ ಮೊದಲು ಒಂದು ಕಾಗದ ಕೊಡಿ. ಆ ಕಾಗದದಲ್ಲಿ ಗ್ಯಾರಂಟಿ ಅನ್ನುವ ಪದ ಬೇಡ.

ನನ್ನ ಕೈಲಾದದ್ದನ್ನು ನಾನೂ ಮಾಡಿದ್ದೇನೆ. ಟಾನಿಕ್ ಬಾಕ್ಸಿನ ರಟ್ಟು ಹರಿದು, ಹಿಂದೆ ಮಾರ್ಕರಿನಲ್ಲಿ ಬರೆದು ಅಂಗಡಿ ಎದುರು ತೂಗುಹಾಕಿದ್ದೇನೆ: "ಫ್ಲೂ ಲಸಿಕೆ ಇದೆ. ಎಲ್ಲರಿಗೂ ಒಂದೇ ತರ ಹಿಡಿಯುವುದಿಲ್ಲ. ಆದರೂ ಹಾಕಿಸಿಕೊಳ್ಳಿ. ಯಾಕೆ ಅಂತ ಒಳಗೆ ಬಂದು ಕೇಳಿ."

ಅಣ್ಣ ಓದಿ ನಕ್ಕ. "ಎರಡನೇ ಸಾಲು ಓದಿ ಎಲ್ಲರೂ ವಾಪಸ್ ಹೋಗ್ತಾರೆ ಮಾರಾಯ, ವ್ಯಾಪಾರ ಮಾಡೂಕೆ ಕಲಿ" ಅಂದ. ಇಲ್ಲಿಯವರೆಗೆ ಹದಿಮೂರು ಜನ ಒಳಗೆ ಬಂದು ಯಾಕೆ ಅಂತ ಕೇಳಿದ್ದಾರೆ. ಒಬ್ಬರು, ಘಟ್ಟದ ಮೇಲಿನ ಭಟ್ಟರು, "ಮೊಟ್ಟೆಯಲ್ಲಿ ಬೆಳೆಸುತ್ತಾರಂತೆ, ಹೌದಾ?" ಅಂತ ಮಾತ್ರ ಕೇಳಿದರು. ಹೌದು, ಹೆಚ್ಚಿನವು ಹಾಗೇ ಅಂದೆ. ಸ್ವಲ್ಪ ಹೊತ್ತು ನಿಂತು ಯೋಚನೆ ಮಾಡಿ ಹೋದರು. ಒಂಬತ್ತು ಜನ ಪಕ್ಕದ ಕ್ಲಿನಿಕ್ಕಿಗೆ ಹೋಗಿ ಹಾಕಿಸಿಕೊಂಡರು. ಒಂಬತ್ತನೆಯವರು ಅತ್ತಿಗೆ. ಅಣ್ಣ ಹೊರಗೆ ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದ.

ಆ ರಟ್ಟಿನ ಬರಹದಲ್ಲಿ ತಪ್ಪಿದ್ದರೆ ತಿದ್ದಿ ಕಳಿಸಿ ಸರ್. ಮಳೆ ಶುರುವಾಗುವ ಮೊದಲು ತಗಡಿನ ಮೇಲೆ ಪೇಂಟ್ ಮಾಡಿಸಬೇಕು ಅಂತಿದ್ದೇನೆ.

ಇಂತಿ,
ಕುಮಟಾದ ಒಬ್ಬ ಔಷಧಿ ಅಂಗಡಿಯವ